ಶಾಸಕರು ತಡೆದ ರಸ್ತೆ

ಎಂಬತ್ತರ ದಶಕದಲ್ಲಿ ನಾನು ತಾವರಗೇರಾ ಕಡೆಯ ಒಂದು ಹಳ್ಳಿಯಲ್ಲಿ ನರ್ಸ್ ಆಗಿದ್ದೆ. ಗೌರವ್ವನ ಮಗಳಿಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಜೀಪು ಬರುವಂಥ ರಸ್ತೆ ಇರಲಿಲ್ಲ. ಎತ್ತಿನ ಚಕ್ಕಡಿಯಲ್ಲಿ ಕುಷ್ಟಗಿಯ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲೇ, ನನ್ನ ತೊಡೆಯ ಮೇಲೆ, ಅವಳ ಜೀವ ಹೋಯಿತು.

ಮೂರನೇ ದಿನ ನಮ್ಮ ಶಾಸಕರು ಗೌರವ್ವನನ್ನು ಮಾತಾಡಿಸಲು ಬಂದರು. ಲಂಚ ಮುಟ್ಟದ, ಸ್ವಂತಕ್ಕೊಂದು ಮನೆಯನ್ನೂ ಕಟ್ಟಿಸಿಕೊಳ್ಳದ ಮನುಷ್ಯ. ನೆಲದ ಮೇಲೇ ಕೂತು ಕಣ್ಣೊರೆಸಿಕೊಂಡರು.

"ಮಂಜೂರಾದ ರಸ್ತಾ ಯಾಕ ನಿಲ್ಲಿಸಿದ್ರಿ ಸಾಹೇಬ್ರ?" ಎಂದು ಗೌರವ್ವ ಕೇಳಿದಳು.

"ಗುತ್ತೇದಾರ ಕಳ್ಳ ಇದ್ದನವ್ವಾ. ಅದಕ್ಕ ನಾನ ತಡದೆ."

"ಬ್ಯಾರೇದವರಿಗೆ ಕೊಡಬೇಕಿತ್ತಲ್ರಿ?"

"ನಂಬುವಂಥ ಮನಷ್ಯಾ ಇನ್ನೂ ಸಿಕ್ಕಿಲ್ಲ."

"ಕಳ್ಳ ಮಾಡಿದ ರಸ್ತಾದಾಗ ಹೋಗಿದ್ರೂ ನನ್ನ ಮಗಳು ಉಳೀತಿದ್ಲ್ರಿ."

ಸತ್ಯವಂತರೆಂದು ಪ್ರತಿ ಸಲ ಅವರಿಗೇ ಓಟು ಹಾಕಿದವಳು ನಾನು. ಅವತ್ತು ನನಗೆ ಗೌರವ್ವನ ಮುಖ ನೋಡಲಾಗಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅವರೇ ಗೆದ್ದರು. ರಸ್ತೆ ಮಾತ್ರ ಇನ್ನೂ ಆಗಿರಲಿಲ್ಲ. ಓಟು ಯಾರಿಗೆ ಹಾಕಿದೆ ಎಂದು ಗೌರವ್ವನನ್ನು ಕೇಳಿದೆ. ತಾಯಿಯಿಲ್ಲದ ಮೊಮ್ಮಗಳ ತಲೆ ಬಾಚುತ್ತಲೇ ಹೇಳಿದಳು:

"ಅವರಿಗೇ ಹಾಕೀನ್ರಿ ನರ್ಸ್ ಬಾಯಾರ. ಎದುರು ನಿಂತಾಂವ ಸತ್ತಾಕಿ ಹೆಸರಾದ್ರೂ ಕೇಳ್ಯಾನೇನ್ರಿ?"