ಸೋಲಾಪುರದಿಂದ ಬಂದ ಸೋಡಾ ಮಷೀನು

ಆಳಂದಕ್ಕೆ ಮೊದಲ ಸೋಡಾ ಮಷೀನು ತಂದವರು ಯಾರು ಎಂದು ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಕೇಳಿ ನೋಡಿ, ನಾಲ್ಕು ಮಂದಿ ಎದೆ ತಟ್ಟಿಕೊಂಡು ಮುಂದೆ ಬರುತ್ತಾರೆ. ಒಬ್ಬ ತನ್ನ ಅಪ್ಪ ಅನ್ನುತ್ತಾನೆ, ಇನ್ನೊಬ್ಬ ತನ್ನ ಸೋದರಮಾವ ಅನ್ನುತ್ತಾನೆ. ಎಲ್ಲ ಬುರುಡೆ. ತಂದವಳು ಸರಸಂಬಾದ ತುಳಜಾಬಾಯಿ, ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ. ಆಮೇಲೆ ಅಫಜಲಪುರದಲ್ಲೂ ಜೇವರ್ಗಿಯಲ್ಲೂ ಅವಳ ಮಷೀನು ನಿಂತವು, ಅದು ಬೇರೆ ಮಾತು. ಮೊದಲನೆಯದು ನಿಂತದ್ದು ಇದೇ ಬಸ್ ಸ್ಟ್ಯಾಂಡಿನಲ್ಲಿ, ನನ್ನ ಚಹಾದ ಹೋಟೆಲಿನ ಗೋಡೆಗೆ ಹತ್ತಿಕೊಂಡು. ಅದು ಮೊದಲ ಸಲ ಚಿಮ್ಮಿಸಿದ ನೀರು ಬಿದ್ದದ್ದು ನನ್ನ ಹಾಲಿನ ಪಾತ್ರೆಗೆ. ಈ ಜಗದೇವಪ್ಪನ ಮಾತಿಗಿಂತ ದೊಡ್ಡ ಸಾಕ್ಷಿ ಬೇಕಾದವರು ಬೇರೆ ಹೋಟೆಲಿನಲ್ಲಿ ಚಹಾ ಕುಡಿಯಲಿ.

ತುಳಜಾಬಾಯಿಯ ಗಂಡ ಹಾವು ಕಡಿದು ತೀರಿಕೊಂಡಾಗ ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮಕ್ಕಳೂ ಇರಲಿಲ್ಲ. ಗಂಡನ ಅಣ್ಣ ಚಂದ್ರಾಮಪ್ಪನ ಮನೆಯಲ್ಲೇ ಉಳಿದಳು. ಉಳಿದಳು ಎಂದರೆ ಆರಾಮಾಗಿ ಕೂತಳು ಎಂದು ತಿಳಿಯಬೇಡಿ. ಕೊಟ್ಟಿಗೆ ಬಳಿಯುವುದರಿಂದ ಹಿಡಿದು ಆ ತುಂಬಿದ ಮನೆಗೆಲ್ಲ ರೊಟ್ಟಿ ಬಡಿಯುವವರೆಗೆ ಅವಳದೇ ಕೈ. ಉಣ್ಣುವ ಹೊತ್ತಿಗೆ ಮಾತ್ರ ಎಲ್ಲರಿಗಿಂತ ಕಡೆಯವಳು. ಒಂದು ದಿನ, ತವರಿನವರು ಕೊಟ್ಟಿದ್ದ ಎಮ್ಮೆಯ ಹಗ್ಗ ಹಿಡಿದುಕೊಂಡು ಆಳಂದಕ್ಕೆ ನಡೆದು ಬಂದುಬಿಟ್ಟಳು. ಬಸ್ ಸ್ಟ್ಯಾಂಡಿಗೆ ಹತ್ತಿಕೊಂಡೇ ಒಂದು ಖೋಲಿ ಬಾಡಿಗೆಗೆ ಹಿಡಿದಳು. ಮಜ್ಜಿಗೆ ಮಾರಿದಳು, ಲಿಂಬೆಹಣ್ಣಿನ ಶರಬತ್ತು ಮಾರಿದಳು. ನನ್ನ ಹೋಟೆಲಿನ ಪಕ್ಕದಲ್ಲೇ ಕೊಡ ಇಟ್ಟುಕೊಂಡು ಕೂತದ್ದನ್ನು ನೋಡಿ ನಾನು ಗದರಿಸಲು ಹೋದೆ. ಅವಳು ಒಂದು ಲೋಟ ಶರಬತ್ತು ನನ್ನ ಕೈಗಿಟ್ಟು, "ಕುಡದು ಬೈರಿ. ಒಣಾ ಗಂಟಲಿಲೇ ಬೈಯಾಕ ತ್ರಾಸ ಆಗ್ತದ," ಎಂದಳು. ಅಂಥವಳ ಸಂಗಡ ಏನು ಜಗಳ ಆಡುವುದು.

ಒಮ್ಮೆ ಅಕ್ಕನ ಮಗಳ ಬಾಣಂತನಕ್ಕೆಂದು ಸೋಲಾಪುರಕ್ಕೆ ಹೋಗಿದ್ದಳು. ತಿರುಗಿ ಬಂದವಳೇ ನನ್ನ ಬೆಂಚಿನ ಮೇಲೆ ಕೂತು, "ಜಗದೇವಪ್ಪಾರ, ಅಲ್ಲೊಂದು ಥೇಟರಿನ್ಯಾಗ ಮಷೀನ್ ಅದರಿ. ನಲ್ಲಿ ತಿರುವಿದ್ರ ಸೋಡಾ ಬರ್ತದ, ತಣ್ಣಗ, ನೊರಿ ನೊರಿ," ಎಂದಳು.

"ಬರ್ಲಿ ಬಿಡು. ನಮಗೇನ್ ಬಂತು?"

"ಅವ್ರು ಹೊಸಾದು ತರಾಕತ್ತಾರ. ಹಳೇದು ಮಾರ್ತಾರಂತ. ನಾ ಎಮ್ಮಿ ಮಾರ್ತೇನಿ."

ನಾನು ಚೆನ್ನಾಗಿ ಬೈದೆ. ಎಮ್ಮೆ ಹಾಲು ಕೊಡುತ್ತದೆ, ಕರು ಹಾಕುತ್ತದೆ, ನಿನ್ನ ಹಳೆಯ ಕಬ್ಬಿಣ ಏನು ಹಾಕುತ್ತದೆ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಎದ್ದು ಹೋಗಿ ಎಮ್ಮೆ ಮಾರಿದಳು.

ಮಷೀನು ಎದೆಯೆತ್ತರದ ಹಸಿರು ತಗಡಿನ ಪೆಟ್ಟಿಗೆ. ಒಳಗೆ ಬರಫ್, ಅಂದರೆ ಮಂಜುಗಡ್ಡೆ, ಹಾಕುವ ತೊಟ್ಟಿ, ಕೆಳಗೆ ಮೋಟಾರು, ಪಕ್ಕದಲ್ಲಿ ಗ್ಯಾಸಿನ ಸಿಲಿಂಡರು, ಮುಂದೆ ಮೂರು ನಲ್ಲಿ. ಬಿಚ್ಚದೆ ಬಸ್ಸಿನ ಮೇಲೆ ಏರಿಸುವಂತಿರಲಿಲ್ಲ. ಸೋಲಾಪುರದವನು ಬಿಚ್ಚುವಾಗ ತುಳಜಾಬಾಯಿ ಪಕ್ಕದಲ್ಲೇ ಕೂತು, ಯಾವ ಪೈಪಿಗೆ ಯಾವ ಪೈಪು ಸೇರಬೇಕು ಎಂಬ ಗುರುತಿಗೆ ಒಂದೊಂದು ತುದಿಗೂ ಹರಿದ ಸೀರೆಯ ಚಿಂದಿ ಕಟ್ಟಿದಳು. ಬುದ್ಧಿವಂತೆ ಹೌದು. ಆದರೆ ಚಿಂದಿಯೆಲ್ಲ ಒಂದೇ ಕೆಂಪು ಸೀರೆಯದು. ಆಳಂದದಲ್ಲಿ ಗಂಟು ಬಿಚ್ಚಿದರೆ ಎಲ್ಲ ಪೈಪುಗಳೂ ಕೆಂಪು ಚಿಂದಿ ಕಟ್ಟಿಕೊಂಡು ಮಲಗಿದ್ದವು. ಮೋಟಾರು ರಿಪೇರಿಯ ಖುರ್ಷಿದ ತಲೆಯ ಮೇಲೆ ಕೈ ಹೊತ್ತು ಕೂತ.

"ಬೇರೆ ಬಣ್ಣದ ಸೀರಿ ಇರ್ಲಿಲ್ಲೇನು ಬೇ ತುಳಜಾಬಾಯಿ?" ಎಂದು ಕೇಳಿದ.

"ಹರದಿದ್ದು ಅದೊಂದಾ ಇತ್ತಪಾ," ಎಂದಳು. ಖುರ್ಷಿದನಿಗೆ ನಗು ತಡೆಯಲಿಲ್ಲ. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ಆಮೇಲೆ ನಡೆದದ್ದು ಬರೀ ಅಂದಾಜಿನ ವ್ಯವಹಾರ. ಖುರ್ಷಿದ ಒಂದು ಪೈಪು ಜೋಡಿಸುವುದು, ಬಟನ್ ಒತ್ತುವುದು, ನೀರು ಬರಬಾರದ ಕಡೆ ನೀರು ಬರುವುದು, ಮತ್ತೆ ಬಿಚ್ಚುವುದು. ಒಂದು ಸಲ ಕಿತ್ತಳೆ ಶರಬತ್ತು ಹಿಂದಿನ ತೂತಿನಿಂದ ಬಂತು. ಇನ್ನೊಂದು ಸಲ ಪೈಪು ಕಿತ್ತು, ಗ್ಯಾಸು ಹೊಡೆದ ನೀರು ಗೋಡೆ ಹಾರಿ ನೆಟ್ಟಗೆ ನನ್ನ ಹಾಲಿನ ಪಾತ್ರೆಗೆ ಬಂದು ಬಿತ್ತು. ಅವತ್ತು ನಾನು ಆಡಿದ ಮಾತುಗಳು ಕಾಗದದ ಮೇಲೆ ಬರೆಯುವಂಥವಲ್ಲ. ಅಂತೂ ಇಂತೂ ಪೈಪು ಕೂತವು, ಮೋಟಾರು ಗುರ್ ಎಂದಿತು, ನಲ್ಲಿಯಿಂದ ನೊರೆ ಬಂತು. ಕುಡಿದು ನೋಡಿದರೆ ಸವಳು. ನಮ್ಮ ಬಸ್ ಸ್ಟ್ಯಾಂಡಿನ ನೀರೇ ಅಷ್ಟು, ಅದರಲ್ಲಿ ಬೇಳೆ ಸಹ ಬೇಯುವುದಿಲ್ಲ. ಮರುದಿನ ನಸುಕಿನಲ್ಲಿ ತುಳಜಾಬಾಯಿ ಗುಲಬರ್ಗಾ ರಸ್ತೆಯ ಸಿಹಿ ನೀರಿನ ಬಾವಿಯಿಂದ ಕೊಡ ಹೊತ್ತು ಹೊತ್ತು ಮಷೀನಿಗೆ ನೀರು ಹೋಗುವ ಪೀಪಾಯಿ ತುಂಬಿದಳು. ಆಗ ಬಂತು ನೋಡಿ ಸೋಡಾ. ನಾಲಿಗೆಗೆ ಚುರ್ ಎಂದು ಹತ್ತಿ ಮೂಗಿನವರೆಗೂ ಏರಿತು. ಹಾಲಿನ ಸಿಟ್ಟನ್ನು ಮರೆತು ನಾನೇ ಇನ್ನೊಂದು ಗ್ಲಾಸು ಕೇಳಿದೆ.

ಯುಗಾದಿಯ ದಿನ ಮಷೀನಿಗೆ ಮಾವಿನ ತೋರಣ ಕಟ್ಟಿ, ಕುಂಕುಮ ಹಚ್ಚಿ, ಸೋಲಾಪುರದಿಂದಲೇ ತಂದ ದಪ್ಪ ಗಾಜಿನ ಗ್ಲಾಸುಗಳನ್ನು ಸಾಲಾಗಿ ಜೋಡಿಸಿದಳು. ಮಂದಿ ಬಂದರು. ನೋಡಿದರು, ಮುಟ್ಟಿದರು, ಎಲ್ಲಿಂದ ತಂದೆ ಎಂದು ಕೇಳಿದರು, ಹೋದರು. ಕುಡಿಯಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಸಾವುಕಾರರ ಮನೆಯ ಹಿರಿಯಳು ಸುಭದ್ರಾಬಾಯಿ ದಾರಿಯಲ್ಲಿ ಹೋಗುತ್ತ ನಿಂತು, "ಯಾರ್ಯಾರು ಬಾಯಿ ಹಚ್ಚಿದ್ದೋ ಏನೋ. ಕಂಚು ಹಿತ್ತಾಳಿ ಆದ್ರ ಹುಣಸಿಹಣ್ಣು ಹಚ್ಚಿ ತಿಕ್ಕಬಹುದು, ಗಾಜು ತಿಕ್ಕಿದ್ರ ಎಂಜಲ ಹೋಗ್ತದೇನು?" ಎಂದು ಮೂಗು ಮುರಿದಳು. ಅಷ್ಟೇ ಸಾಕಾಯಿತು. ಒಬ್ಬ ಧೈರ್ಯ ಮಾಡಿದವನೂ ಬಾಯಿ ಹಚ್ಚದೆ ಗ್ಲಾಸು ಮೇಲೆತ್ತಿ ಸುರಿದುಕೊಂಡ. ಸೋಡಾ ಹಾಗೆ ಸುರಿದುಕೊಂಡರೆ ಏನಾಗಬೇಕೋ ಅದೇ ಆಯಿತು, ಅರ್ಧ ಮೂಗಿನಿಂದ ಬಂತು. ಅವನು ಕೆಮ್ಮಿ ಕೆಮ್ಮಿ, ಗ್ಯಾಸು ನೆತ್ತಿಗೇರುತ್ತದೆ ಎಂದು ಬಜಾರಿನ ತುಂಬ ಹೇಳಿಕೊಂಡು ಬಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಇದೇ ಮಂದಿ ನನ್ನ ಹೋಟೆಲಿನ ಬಶಿಗೆ ಬಾಯಿ ಹಚ್ಚಿ ಸೊರ್ ಎಂದು ಚಹಾ ಹೀರುತ್ತಾರೆ. ಆ ಬಶಿಗೆ ಇಡೀ ತಾಲೂಕಿನ ತುಟಿ ಹತ್ತಿದೆ. ಕೇಳಿದರೆ, ಬಿಸಿ ಇದ್ದದ್ದಕ್ಕೆ ಎಂಜಲು ಇಲ್ಲವಂತೆ. ಬಸವಣ್ಣನ ಹೆಸರು ಹೇಳಿ ದಿನಾ ಕೈ ಮುಗಿಯುವ ನಮ್ಮವರೇ ಹೀಗಾದರೆ ಉಳಿದವರಿಗೆ ಏನು ಹೇಳುವುದು.

ಗುಲಬರ್ಗಾದಿಂದ ಬೆಳಗಿನ ಬಸ್ಸಿಗೆ ಬರುವ ಬರಫ್ ಸಂಜೆಯೊಳಗೆ ಸುಮ್ಮನೆ ಕರಗಿ ಹರಿದುಹೋಗುತ್ತಿತ್ತು. ಸುದ್ದಿ ಸರಸಂಬಾಕ್ಕೆ ಮುಟ್ಟಲು ಎಷ್ಟು ಹೊತ್ತು. ಒಂದು ದಿನ ಚಂದ್ರಾಮಪ್ಪ ಬಂದ. ಮಷೀನಿನ ಸುತ್ತ ಒಂದು ಸುತ್ತು ಹಾಕಿ, ಬೆರಳಿನಿಂದ ತಗಡು ಬಡಿದು ನಕ್ಕ.

"ಬಸವ ಜಯಂತಿ ದಿವಸ ಗಾಡಿ ತಗೊಂಡು ಬರ್ತೇನಿ. ಈ ಡಬ್ಬಿ ಗುಜರಿಗಿ ಹಾಕಿ, ಟ್ರಂಕು ಕಟ್ಟಿ ಇಟ್ಟಿರು. ಮನ್ಯಾಗ ರೊಟ್ಟಿ ಮಾಡವ್ರಿಲ್ಲ," ಎಂದ. ತುಳಜಾಬಾಯಿ ಖೋಲಿಯ ಬಾಗಿಲ ಹಿಂದೆ ನಿಂತಿದ್ದಳು.

ಅವನು ಹೋದ ಮೇಲೆ ಬಂದು ನನ್ನ ಬೆಂಚಿನ ಮೇಲೆ ಕೂತಳು. "ಎಮ್ಮಿನೂ ಇಲ್ರಿ ಈಗ. ಮಷೀನ್ ನಡೀಲಿಲ್ಲಂದ್ರ ನನಗ ಆ ಒಲಿನಾ ಗತಿ. ಭಾಳ ಅಂಜಿಕಿ ಆಗಾಕತ್ತದ ಜಗದೇವಪ್ಪಾರ. ಅಲ್ಲಿಗಿ ಹೋದ್ರ ನಾ ಮತ್ತ ಹೊರಗ ಬರಂಗಿಲ್ಲ," ಎಂದಳು. ಬೈಯುವ ಬಾಯಿ ನನ್ನದು. ಸಮಾಧಾನಕ್ಕೆ ಒಂದು ಬಿಸಿ ಚಹಾ ಕೊಟ್ಟೆ.

ಅಳುತ್ತ ಕೂರುವ ಜಾತಿಯಲ್ಲ ಅವಳದು. ನೋಡುತ್ತ ಕೂತಳು. ಬಸ್ಸು ಬಂದು ನಿಂತರೆ ಗಂಡಸರು ಇಳಿದು ನನ್ನ ಹೋಟೆಲಿಗೆ ನುಗ್ಗುತ್ತಾರೆ, ಹೆಂಗಸರು ಇಳಿಯುವುದಿಲ್ಲ. ಬಿಸಿಲಿಗೆ ಕಾದ ಬಸ್ಸಿನೊಳಗೇ ಕೂತು, ಮನೆಯಿಂದ ತಂದ ತಂಬಿಗೆಯ ಬಿಸಿಯಾದ ನೀರನ್ನೇ ಗುಟುಕು ಗುಟುಕು ಕುಡಿಯುತ್ತಾರೆ. ಇದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ನೋಡಿ ಮಾಡಿದ್ದೇನು, ಏನೂ ಇಲ್ಲ.

ಒಂದು ಮಧ್ಯಾಹ್ನ ಗುಲಬರ್ಗಾ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕದಲ್ಲಿ ಅದೇ ಸುಭದ್ರಾಬಾಯಿ. ಮದುವೆಯ ಊಟ ಮುಗಿಸಿ, ಹೋಳಿಗೆ ತುಪ್ಪ ಜಡಿದು, ನೆಂಟರ ಊರಿಗೆ ಹೊರಟಿದ್ದಳು. ಹೊಟ್ಟೆ ಉಬ್ಬಿ, ಕಣ್ಣು ಮೇಲೆ ಮಾಡಿ, ಎದೆ ತಿಕ್ಕಿಕೊಳ್ಳುತ್ತ "ಯಪ್ಪಾ, ಯವ್ವಾ" ಎಂದು ನರಳುತ್ತಿದ್ದಳು. ತುಳಜಾಬಾಯಿ ಎದ್ದು ನೆಟ್ಟಗೆ ಕಿಟಕಿಯ ಕೆಳಗೆ ಹೋಗಿ ನಿಂತಳು.

"ಅವ್ವಾರ, ನಿಮ್ಮ ತಂಬಗಿ ಕೊಡ್ರಿ. ನೀವಾ ತಿಕ್ಕಿದ್ದು, ನೀವಾ ಬಾಯಿ ಹಚ್ಚೂದು. ಮಷೀನಿನ ನಲ್ಲಿಗಿ ಯಾರೂ ಬಾಯಿ ಹಚ್ಚಿಲ್ರಿ."

ಸುಭದ್ರಾಬಾಯಿ ಅವಳ ಮುಖ ನೋಡಿದಳು, ತಂಬಿಗೆ ನೋಡಿದಳು. ಇನ್ನೊಮ್ಮೆ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ತಂಬಿಗೆಯ ನೀರನ್ನು ಕಿಟಕಿಯ ಹೊರಗೆ ಚೆಲ್ಲಿ ಕೈ ಚಾಚಿದಳು. ತುಳಜಾಬಾಯಿ ಲಿಂಬೆ ಹಿಂಡಿ, ಜೀರಿಗೆ ಪುಡಿ, ಕರಿ ಉಪ್ಪು ಹಾಕಿ, ನಲ್ಲಿ ತಿರುವಿ ತುಂಬಿ ಕೊಟ್ಟಳು. ಮುದುಕಿ ಸೆರಗು ಅಡ್ಡ ಹಿಡಿದು, ಸ್ವಂತ ತಂಬಿಗೆಗೆ ನಿಶ್ಚಿಂತೆಯಿಂದ ಬಾಯಿ ಹಚ್ಚಿ, ತಳದ ತನಕ ಕುಡಿದಳು. ಆಮೇಲೆ ಒಂದು ತೇಗು ಬಂತು. ಅಂಥ ತೇಗನ್ನು ನಾನು ಗಂಡಸರಿಂದಲೂ ಕೇಳಿಲ್ಲ. ಮುಂದಿನ ಸೀಟಿನ ಡ್ರೈವರ್ ಹೊರಳಿ ನೋಡಿದ.

"ಹಗರ ಆತು ನೋಡು ಬೇ," ಎಂದಳು ಸುಭದ್ರಾಬಾಯಿ, ತಂಬಿಗೆಯನ್ನು ಮತ್ತೆ ಹೊರಗೆ ಚಾಚುತ್ತ. "ಇನ್ನೊಂದೀಟು ಹಾಕು. ಲಿಂಬಿ ಜಾಸ್ತಿ ಹಿಂಡು."

ಅದರ ಹಿಂದಿನ ಕಿಟಕಿಯಿಂದ ಒಂದು ಹಿತ್ತಾಳೆಯ ತಂಬಿಗೆ ಹೊರಬಂತು. ಅದರ ಹಿಂದೆ ಒಂದು ಸ್ಟೀಲಿನದು. ಆಮೇಲೆ ಆ ಸಾಲಿನ ಕಿಟಕಿಗಳಲ್ಲೆಲ್ಲ ಬಳೆ ತೊಟ್ಟ ಕೈಗಳು, ತಂಬಿಗೆಗಳು, ಚೆರಿಗೆಗಳು. ಕಂಡಕ್ಟರ್ ಸೀಟಿ ಊದಿದ್ದೇ ಊದಿದ್ದು, ಯಾರು ಕೇಳುತ್ತಾರೆ. ತುಳಜಾಬಾಯಿ ಓಡಿ ಓಡಿ ತುಂಬಿ ಕೊಟ್ಟಳು. ಓಡುವಾಗ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

ಆ ದಿನದಿಂದ ಬರಫ್ ಸಾಲದಾಯಿತು. ಸುದ್ದಿ ಬಸ್ಸಿನ ಸಂಗಡವೇ ಊರೂರು ತಿರುಗಿತು. ಆಳಂದದ ಮೇಲೆ ಹಾದು ಹೋಗುವ ಹೆಂಗಸರು ಖಾಲಿ ತಂಬಿಗೆ ಹಿಡಿದುಕೊಂಡೇ ಬಸ್ಸು ಹತ್ತತೊಡಗಿದರು. ಆ ದಪ್ಪ ಗಾಜಿನ ಗ್ಲಾಸುಗಳನ್ನೆಲ್ಲ ತುಳಜಾಬಾಯಿ ನನಗೆ ಕೊಟ್ಟುಬಿಟ್ಟಳು. ನಾನು ಅವುಗಳಲ್ಲೇ ಚಹಾ ಮಾರಿದೆ. ಒಬ್ಬನಾದರೂ ಎಂಜಲು ಎಂದನೇ? ಇಲ್ಲ.

ಆದರೂ ಚಂದ್ರಾಮಪ್ಪ ಹೇಳಿದ ದಿನ ಹತ್ತಿರ ಬಂದಂತೆ ಅವಳ ಮುಖ ಸಣ್ಣದಾಗುತ್ತಿತ್ತು. ಅವನು ಒಂಟಿಯಾಗಿ ಬರುವವನಲ್ಲ, ನಾಲ್ಕು ಹಿರಿಯರ ಮಾತು ಬೆನ್ನಿಗೆ ಕಟ್ಟಿಕೊಂಡು ಬರುವವನು. ಒಂದು ದಿನ ಮಷೀನು ನಿಂತರೂ ಸಾಕು, ನೋಡು ನಾ ಹೇಳಿರಲಿಲ್ಲವೇ ಎನ್ನುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಬಸವ ಜಯಂತಿಯ ದಿನ ಊರಲ್ಲಿ ಮೆರವಣಿಗೆ. ಮೇಲಾಗಿ ಮದುವೆಯ ಮುಹೂರ್ತಗಳು. ಬಸ್ಸುಗಳು ಒಂದರ ಬೆನ್ನಿಗೆ ಒಂದು ಬಂದು ನಿಂತವು, ಟಾಪಿನ ಮೇಲೂ ಮಂದಿ. ಖುರ್ಷಿದ ತನ್ನ ಅಂಗಡಿ ಮುಚ್ಚಿ ಬಂದು ನಲ್ಲಿ ತಿರುವುತ್ತಿದ್ದ. ತುಳಜಾಬಾಯಿ ಕಿಟಕಿಯಿಂದ ಕಿಟಕಿಗೆ ಹಾರುತ್ತಿದ್ದಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಲ್ಲಿ ಬುಸ್ ಎಂದು ಬರೀ ಗಾಳಿ ಉಗುಳಿತು. ಪೀಪಾಯಿ ಖಾಲಿ. ಬಾವಿ ಊರ ಹೊರಗೆ, ಕಿಟಕಿಗಳ ತುಂಬ ಚಾಚಿದ ಕೈಗಳು. ಅದೇ ಹೊತ್ತಿಗೆ ಸರಿಯಾಗಿ ಚಂದ್ರಾಮಪ್ಪ ಎತ್ತಿನ ಗಾಡಿ ತಂದು ಮಷೀನಿನ ಮುಂದೆ ನಿಲ್ಲಿಸಿದ.

"ಟ್ರಂಕು ಎಲ್ಲದ?" ಎಂದ. ಖಾಲಿ ಪೀಪಾಯಿಯೊಳಗೆ ಇಣುಕಿ, "ಮುಗೀತಲ್ಲ ಆಟ. ನಡಿ ಇನ್ನ," ಎಂದ.

ನಮ್ಮ ಕಡೆ ಗಂಡನ ಅಣ್ಣನ ಮುಂದೆ ಹೆಂಗಸರು ನಿಂತು ಮಾತಾಡುವುದಿಲ್ಲ, ಬಾಗಿಲ ಮರೆಯಿಂದ ಒಂದೆರಡು ಮಾತು ಬಂದರೆ ಅದೇ ಹೆಚ್ಚು. ತುಳಜಾಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದು, ಅವನೆದುರು ಬಂದು, ನೇರ ಮುಖ ನೋಡಿದಳು.

"ಗಾಡಿ ತಂದಿದ್ದು ಚಲೋ ಆತ್ರಿ ಬಾವಾರ. ಈ ಪೀಪಾಯಿ ಏರ್ಸ್ರಿ. ಗುಲಬರ್ಗಾ ರಸ್ತಾದಾಗ ಸಿಹಿನೀರಿನ ಬಾವಿ ಅದ, ತುಂಬಿಕೊಂಡು ಬರ್ರಿ. ಲಗೂ ಬರ್ರಿ, ಬಸ್ಸು ಭಾಳ ಹೊತ್ತು ನಿಂದ್ರಂಗಿಲ್ಲ."

ಚಂದ್ರಾಮಪ್ಪ ಬಾಯಿ ತೆರೆದ. ಏನು ಹೇಳುವವನಿದ್ದನೋ, ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು, "ಏ ಅಣ್ಣಾ, ಮಾರಿ ಏನ್ ನೋಡ್ತಿ, ಬಾಯಿ ಒಣಗಾಕತ್ತಾವ, ಹೊಡಿ ಗಾಡಿ," ಎಂದಳು. ಇನ್ನೊಂದು ಕಿಟಕಿ, "ಲಗೂ ಹೋಗೋ ಯಪ್ಪಾ," ಎಂದಿತು. ಬಸ್ಸಿಗೆ ಬಸ್ಸೇ ಅವನನ್ನು ನೋಡುತ್ತಿತ್ತು. ಖುರ್ಷಿದ ಆಗಲೇ ಪೀಪಾಯಿ ಎತ್ತಿ ಗಾಡಿಯಲ್ಲಿಟ್ಟಿದ್ದ. ಚಂದ್ರಾಮಪ್ಪ ಎತ್ತುಗಳ ಹಗ್ಗ ಎಳೆದು ಗಾಡಿ ತಿರುಗಿಸಿದ. ನಾನು ನಗುತ್ತ ನಗುತ್ತ ಚಹಾವನ್ನು ನನ್ನ ಕೈಯ ಮೇಲೇ ಸುರಿದುಕೊಂಡೆ. ಉರಿ ಹತ್ತಿದ್ದೂ ತಿಳಿಯಲಿಲ್ಲ, ಅಷ್ಟು ಖುಷಿಯಾಗಿತ್ತು.

ಅವತ್ತು ಇಡೀ ದಿನ ಗಾಡಿ ಬಾವಿಗೂ ಬಸ್ ಸ್ಟ್ಯಾಂಡಿಗೂ ತಿರುಗಿತು. ಮಷೀನು ಮತ್ತೆ ನಿಲ್ಲಲಿಲ್ಲ. ಹೊತ್ತು ಮುಳುಗುವಾಗ ಕಡೆಯ ಬಸ್ಸು ಹೋಯಿತು. ಚಂದ್ರಾಮಪ್ಪ ಅಂಗಿಯೆಲ್ಲ ತೊಯಿಸಿಕೊಂಡು, ಎತ್ತುಗಳಿಗೆ ನೀರು ಕುಡಿಸಿ, ಮಷೀನಿನ ಮುಂದೆ ಬಂದು ನಿಂತ. ಟ್ರಂಕಿನ ಮಾತು ಎತ್ತಲಿಲ್ಲ. ತಲೆಯ ಪಟಕಾ ಬಿಚ್ಚಿ ಮುಖ ಒರೆಸಿಕೊಂಡ.

"ನಾಳಿ ಎಷ್ಟೊತ್ತಿಗಿ ಬರ್ಲಿ?" ಎಂದು ಕೇಳಿದ.

ತುಳಜಾಬಾಯಿ ನಲ್ಲಿ ಒರೆಸುವುದನ್ನು ನಿಲ್ಲಿಸದೆ, "ಮೊದಲನೇ ಬಸ್ಸಿಗಿಂತ ಮುಂಚೆ ಬರ್ರಿ," ಎಂದಳು.