ಎಡಗಿವಿಗೆಂದು ಬಾಗಿದ ಕಡ್ಡಿ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಬಾಡಿಗೆಗೆ ತಂದಿದ್ದ ಕುರ್ಚಿಗಳೂ ನಿನ್ನೆಯೇ ವಾಪಸಾಗಿವೆ. ಹೊರಗೆ ಎಂದಿನಂತೆ ಪೇಪರ್ ಬಿದ್ದ ಸದ್ದು, ಮೇಲಿನ ಮನೆಯವರ ಬಕೆಟ್ಟಿನ ಸದ್ದು. ಅಷ್ಟರಲ್ಲಿ ಫೋನು. ನನ್ನದಲ್ಲ, ಗಂಡನದು. ಚಾರ್ಜಿಗೆ ಹಾಕಿದ್ದನ್ನು ಯಾರೂ ತೆಗೆದಿರಲಿಲ್ಲ.

“ಸರ್, ಕನ್ನಡಕದ ಅಂಗಡಿಯಿಂದ. ನಿಮ್ಮದು ರೆಡಿ. ಈ ಸಲ ಸರಿಯಾಗದಿದ್ರೆ ನಾನು ಈ ಕೆಲಸ ಬಿಟ್ಟು ಸೊಪ್ಪು ಮಾರ್ತೀನಿ, ನೋಡಿ.”

“ನಾನು, ಅವರ ಹೆಂಡತಿ” ಎನ್ನುತ್ತೇನೆ.

“ಓ, ಮೇಡಮ್ಮಾ! ನೀವೂ ಬನ್ನಿ ಜೊತೆಗೆ. ನಮ್ಮ ಆ ಕಂದು ಫ್ರೇಮು ತರೋಕೆ ನೆನಪು ಮಾಡಿ. ಟೈಲರ್ ಮಾಮ ಅದಕ್ಕೇ ಕಾಯ್ತಿದಾರೆ, ದಿನಾ ಬಂದು ತಲೆ ತಿಂತಾರೆ.”

“ತರ್ತೀನಿ” ಎನ್ನುತ್ತೇನೆ. ಉಳಿದದ್ದನ್ನು ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ.

ಕಂದು ಫ್ರೇಮಿನ ಆ ಕನ್ನಡಕ ಕಿಟಕಿಯ ಪಕ್ಕದ ಮೇಜಿನ ಮೇಲಿದೆ. ಓದಲು ಮಾತ್ರ ಬರುವ ಸಾದಾ ಕನ್ನಡಕ. ಹೊಸದು ಸರಿಯಾಗುವವರೆಗೆ ಇರಲಿ ಎಂದು ಅಂಗಡಿಯಾಕೆ ಎರವಲು ಕೊಟ್ಟದ್ದು. ಮೇಜಿನ ಮೇಲೆ ಅದು ಸಮವಾಗಿ ಕೂರುವುದಿಲ್ಲ. ಬೆರಳು ತಾಗಿಸಿದರೆ ಕುಂಟುತ್ತದೆ. ಗಂಡನ ಎಡಗಿವಿ ಬಲಗಿವಿಗಿಂತ ತುಸು ಕೆಳಗಿತ್ತು. ಎಷ್ಟೋ ವರ್ಷ ಜೊತೆಗಿದ್ದ ನನಗೆ ಅದು ಗೊತ್ತಿರಲಿಲ್ಲ. ಆಕೆ ಕನ್ನಡಕ ತೊಡಿಸಿ ಒಂದು ಕ್ಷಣ ನೋಡಿ, ಎಡಗಡೆಯ ಕಡ್ಡಿಯನ್ನು ಬಿಸಿ ಮಾಡಿ ಕೆಳಕ್ಕೆ ಬಗ್ಗಿಸಿದ್ದಳು. ಎರವಲಿನ ಕನ್ನಡಕಕ್ಕೂ ಅಷ್ಟು ಉಪಚಾರ.

ಬೀದಿಯಲ್ಲಿ ಎಲ್ಲರೂ ಆಕೆಯನ್ನು ಫ್ರೇಮಕ್ಕ ಎನ್ನುತ್ತಾರೆ. ಅಂಗಡಿಯ ಬೋರ್ಡಿನಲ್ಲಿ ಮಾಲೀಕರ ಹೆಸರಿದೆ, ಕಣ್ಣು ಪರೀಕ್ಷೆಯ ಡಾಕ್ಟರರ ಹೆಸರಿದೆ. ಫ್ರೇಮಕ್ಕನದು ಎಲ್ಲೂ ಇಲ್ಲ. ಆಗಾಗ ಪೇಪರಿಗೆ ಲೇಖನ ಬರೆಯುವ ನಾನೂ ಆಕೆಯ ಬಗ್ಗೆ ಬರೆದಿಲ್ಲ. ಮಸೂರ ಬೇರೆ ಊರಿನಲ್ಲಿ ತಯಾರಾಗಿ ಬರುತ್ತದೆ, ಚೀಟಿ ಡಾಕ್ಟರು ಬರೆಯುತ್ತಾರೆ. ಆ ಎರಡನ್ನೂ ಒಂದು ಮುಖದ ಮೇಲೆ ಕೂರಿಸುವುದು ಈಕೆಯ ಕೆಲಸ.

ನಾನು ಹೋದಾಗ ಮಾಲೀಕರು ಇನ್ನೂ ಬಂದಿಲ್ಲ. ಅಂಗಡಿ ಮೊದಲ ಮಹಡಿಯಲ್ಲಿದೆ, ಕೆಳಗೆ ಚಪ್ಪಲಿ ಅಂಗಡಿ. ಕಡಿದಾದ ಮೆಟ್ಟಿಲುಗಳ ಅಂಚಿಗೆಲ್ಲ ಹಳದಿ ಬಣ್ಣ ಬಳಿದಿದೆ. ಫ್ರೇಮಕ್ಕ ಒಳಗಿನ ಬೆಂಚಿನ ಮೇಲೆ ದೀಪ ಹಾಕಿ, ಸಾಸಿವೆಯಷ್ಟು ಸಣ್ಣ ಗಾಜಿನ ಮಣಿಗಳ ಪೆಟ್ಟಿಗೆಯನ್ನು ಕಾಯಿಸುತ್ತಿದ್ದಾಳೆ. ಕಡ್ಡಿಯನ್ನು ಈ ಬಿಸಿ ಮಣಿಗಳಲ್ಲಿ ಹೂತಿಟ್ಟರೆ ಅದು ಮೆತ್ತಗಾಗುತ್ತದೆ. ಆಕೆಯ ಹೆಬ್ಬೆರಳಿನ ತುದಿ ಸುಟ್ಟು ಸುಟ್ಟು ಹೊಳೆಯುವಂತಾಗಿದೆ. ಸ್ವಂತ ಕನ್ನಡಕದ ಒಂದು ಕೀಲಿಗೆ ಸ್ಕ್ರೂ ಬದಲು ದಾರ.

ಎದುರಿಗೆ ಟೈಲರ್ ಮಾಮ. ಅವರ ಮೂಗಿನ ಮೇಲೆ, ಸರಿಹೊಂದದೆ ಮತ್ತೆ ಮಾಡಿಸಲು ಹಿಂದಕ್ಕೆ ಕಳಿಸಬೇಕಾದ ಹೊಸ ಕನ್ನಡಕ.

“ನೆಲ ಎದ್ದು ಬರ್ತಿದೆ ಫ್ರೇಮಕ್ಕ!”

“ಬಂದ್ರೆ ಬರ್ಲಿ ಬಿಡಿ ಮಾಮ, ಅದಕ್ಕೆ ಕೂತ್ಕೋ ಅಂತ ಹೇಳಿ.”

“ತಮಾಷೆ ಮಾಡ್ಬೇಡ. ನಿನ್ನೆ ಸೂಜಿಗೆ ದಾರ ಹಾಕೋಕೆ ಹೋಗಿ ಹೆಂಡತಿ ಕೈಲಿ ಬೈಸ್ಕೊಂಡೆ.”

“ಅದು ಕನ್ನಡಕದ ತಪ್ಪಲ್ಲ. ನೀವು ಬೈಸ್ಕೊಳ್ಳೋದು ಹಳೇ ಕನ್ನಡಕದ ಕಾಲದಿಂದ ನನಗೆ ಗೊತ್ತು.”

ಮಾಮನದೂ ನನ್ನ ಗಂಡನದೂ ಪ್ರೋಗ್ರೆಸಿವ್ ಕನ್ನಡಕಗಳು. ಒಂದೇ ಗಾಜಿನಲ್ಲಿ ಮೇಲೆ ದೂರದ ನೋಟ, ಕೆಳಗೆ ಓದುವ ನೋಟ, ನಡುವೆ ಎರಡನ್ನೂ ಬೆಸೆಯುವ ಕಿರಿದಾದ ದಾರಿ. ಗೆರೆ ಕಾಣುವುದಿಲ್ಲ. ಹೊಸದಾಗಿ ಹಾಕಿಕೊಂಡವರಿಗೆ ಅಂಚಿನಲ್ಲಿ ಎಲ್ಲವೂ ತೇಲುತ್ತದೆ. “ಕಣ್ಣು ಹೊರಳಿಸ್ಬೇಡಿ, ಮೂಗು ತಿರುಗಿಸಿ” ಎನ್ನುವುದು ಫ್ರೇಮಕ್ಕನ ಮೊದಲ ಪಾಠ. “ನೋಡ್ಬೇಕಾದ ಕಡೆಗೆ ಮೂಗು ಹೋಗ್ಬೇಕು. ಮೆಟ್ಟಿಲು ಇಳಿಯುವಾಗ ಗಲ್ಲ ಎದೆಗೆ. ಒಂದು ವಾರ ಪಕ್ಕದ ಮನೆಯವರು ನಗ್ತಾರೆ, ನಗ್ಲಿ.” ಹೊಸ ಕನ್ನಡಕ ಪಡೆದ ಯಾರನ್ನೂ ಆಕೆ ಹಾಗೇ ಕಳಿಸುವುದಿಲ್ಲ. ಹಳದಿ ಅಂಚಿನ ಮೆಟ್ಟಿಲನ್ನು ಇಳಿದು, ಮತ್ತೆ ಹತ್ತಿ ಬಂದು ತೋರಿಸಬೇಕು. ಆಕೆ ಎರಡು ಮೆಟ್ಟಿಲು ಮುಂದೆ, ಕೈ ಚಾಚಿ, ಹಿಂದುಹಿಂದಕ್ಕೆ ಇಳಿಯುತ್ತಾಳೆ.

ಕೆಲವರಿಗೆ ಒಂದು ವಾರವಾದರೂ ಹೊಂದುವುದಿಲ್ಲ. ಅಂಥವರು ಸಿಟ್ಟಿನಿಂದ ಬರುತ್ತಾರೆ. ಮಾಲೀಕರು “ಅಭ್ಯಾಸ ಆಗುತ್ತೆ” ಎಂದು ಸಾಗಹಾಕಲು ನೋಡುತ್ತಾರೆ. ಫ್ರೇಮಕ್ಕ ಅವರನ್ನು ಕೂರಿಸಿಕೊಂಡು ಮನೆ, ಕೆಲಸ, ಹಾಸಿಗೆಯಲ್ಲಿ ಓದುತ್ತಾರಾ ಎಂದೆಲ್ಲ ಕೇಳುತ್ತಾಳೆ. ಕೇಳುತ್ತ ಅವರು ಕತ್ತು ಹೇಗಿಟ್ಟುಕೊಳ್ಳುತ್ತಾರೆ ಎಂದು ನೋಡುತ್ತಾಳೆ.

“ಅಳತೆ ತಗೊಳ್ಳೋಕೆ ಕೂರಿಸಿದ ಕೂಡ್ಲೇ ಎಲ್ಲರೂ ಫೋಟೋಗೆ ಕೂತಂಗೆ ಕೂರ್ತಾರೆ. ಬೆನ್ನು ನೆಟ್ಟಗೆ, ಗಲ್ಲ ಮೇಲೆ. ಆ ಅಳತೆಗೆ ಮಾಡಿದ ಕನ್ನಡಕ ಫೋಟೋದಲ್ಲಿರೋರಿಗೆ ಸರಿಹೋಗುತ್ತೆ. ಮನೇಲಿರೋರಿಗಲ್ಲ.”

ಈ ಕೆಲಸ ಆಕೆಗೆ ದೊಡ್ಡಪ್ಪನಿಂದ ಬಂದದ್ದು. ಅವರು ಇದೇ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದರು. ಶಾಲೆ ಬಿಟ್ಟ ಹುಡುಗಿಯನ್ನು ಕಸ ಗುಡಿಸಲು ಕರೆತಂದರು. ಬಿದ್ದ ಸ್ಕ್ರೂ ಹೆಕ್ಕುತ್ತ, ಯಾವುದು ಯಾವ ಕೀಲಿನದು ಎಂದು ಬೆರಳಿಗೆ ರೂಢಿಯಾಯಿತು. ಮದುವೆಯಾಗಿ, ಇಬ್ಬರು ಮಕ್ಕಳಾಗಿ, ಕತ್ತುನೋವು ಬಂದು, ಮಾಲೀಕರು ಬದಲಾದರೂ ಬೆಂಚು ಅದೇ. ದಿನಕ್ಕೆ ಹದಿನೈದಿಪ್ಪತ್ತು ಮುಖ. “ಊರಿನೋರ ಮೂಗೆಲ್ಲ ನನಗೆ ಗೊತ್ತು. ಹೆಸರು ಕೇಳಿದ್ರೆ ತಡಬಡಾಯಿಸ್ತೀನಿ.”

ನನ್ನ ಗಂಡ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ದೂರದ ಬೋರ್ಡು, ಕೈಯಲ್ಲಿನ ಪುಸ್ತಕ, ಎರಡಕ್ಕೂ ಒಂದೇ ಕನ್ನಡಕ ಬೇಕಿತ್ತು. ಮೊದಲ ಸಲದ್ದು ಸರಿಯಾಗಲಿಲ್ಲ. ದೂರವೇನೋ ಸ್ಪಷ್ಟ. ಹತ್ತಿರದ್ದು ಕಾಣಬೇಕಾದರೆ ಗಲ್ಲ ಎತ್ತಬೇಕು. ನನ್ನ ಮುಖ ನೋಡಲೂ ಗಲ್ಲ ಎತ್ತುತ್ತಿದ್ದರು. “ಏನು ಸಾಹೇಬ್ರೇ, ಅರ್ಜಿ ತಂದಿರೋಳನ್ನ ನೋಡ್ದಂಗೆ ನೋಡ್ತೀರಲ್ಲ” ಎಂದು ರೇಗಿಸುತ್ತಿದ್ದೆ. “ಅರ್ಜಿ ಮಂಜೂರಾಗಿದೆ, ಹೋಗಿ” ಎನ್ನುತ್ತಿದ್ದರು.

ಇಬ್ಬರೂ ಇಲ್ಲಿಗೆ ಬಂದೆವು. ಫ್ರೇಮಕ್ಕ ಅವರನ್ನು ಕೂರಿಸಲಿಲ್ಲ. ನಿಂತೇ ಇರಿ, ಮೇಡಮ್ಮನ ಜೊತೆ ಏನಾದರೂ ಮಾತಾಡಿ ಎಂದಳು. ಅವರು ತುಂಬ ಎತ್ತರ, ನಾನು ಅವರ ಭುಜಕ್ಕೆ ಬರುವವಳು. ಸಂಜೆ ತರಕಾರಿ ತರುವುದೋ ಬೇಡವೋ ಎಂದೇನೋ ಕೇಳಲು ತಲೆ ಬಗ್ಗಿಸಿದರು. ಅಷ್ಟರಲ್ಲಿ ಆಕೆ ಸ್ಟೂಲಿನ ಮೇಲೆ ಕಾಲಿಟ್ಟು, ಅವರು ತೊಟ್ಟಿದ್ದ ಫ್ರೇಮಿನ ಮಾದರಿ ಗಾಜಿನ ಮೇಲೆ, ಕಣ್ಣಿನ ನೇರಕ್ಕೆ, ಪೆನ್ನಿನಿಂದ ಎರಡು ಚುಕ್ಕೆ ಇಟ್ಟುಬಿಟ್ಟಳು. “ಸಿಕ್ಕಿತು. ಇದು ನಿಮ್ಮ ನಿಜವಾದ ಕತ್ತು.”

ಆ ಚುಕ್ಕೆಗಳ ಪ್ರಕಾರ ಮತ್ತೆ ಮಾಡಿಸಿದ ಕನ್ನಡಕವೇ ಈಗ ರೆಡಿಯಾಗಿರುವುದು.

“ಸರ್ ಎಲ್ಲಿ? ಗಾಡಿ ನಿಲ್ಲಿಸ್ತಿದಾರಾ?”

“ಅವರು ತೀರ್ಕೊಂಡ್ರು.” ಎರಡೇ ಪದ ಸಾಕಾಗುತ್ತವೆ.

ಫ್ರೇಮಕ್ಕನ ಕೈ ಬಿಸಿ ಮಣಿಗಳ ಪೆಟ್ಟಿಗೆಯ ಅಂಚಿನ ಮೇಲೇ ಉಳಿಯುತ್ತದೆ. ಸುಡುತ್ತಿರಬೇಕು. ತೆಗೆಯುವುದಿಲ್ಲ.

“ಮೆಟ್ಟಿಲ ಮೇಲಾ?”

ನನಗೆ ಅರ್ಥವಾಗುವುದಿಲ್ಲ.

“ಆ ಕಂದು ಕನ್ನಡಕ ಹಾಕ್ಕೊಂಡು ಮೆಟ್ಟಿಲು ಇಳಿದ್ರಾ? ಅದು ಕೂತು ಓದೋಕೆ ಮಾತ್ರ. ಹಾಕ್ಕೊಂಡು ನಡೆದ್ರೆ ಮೆಟ್ಟಿಲು ಮಸುಕಾಗುತ್ತೆ. ಹೇಳಿದ್ದೆ ನಾನು. ಹೇಳಿದ್ದೆ, ಅಲ್ವಾ?”

“ಹೇಳಿದ್ರಿ. ಅದಲ್ಲ. ನಿದ್ದೇಲೇ. ಹಾರ್ಟು.”

“ನನ್ನ ಕನ್ನಡಕದಿಂದ ಅಲ್ಲ?”

“ಅಲ್ಲ ಅಕ್ಕ. ಅವತ್ತು ರಾತ್ರಿ ಅದನ್ನ ಹಾಕ್ಕೊಂಡೇ ಹುಡುಗರ ಉತ್ತರ ಪತ್ರಿಕೆ ತಿದ್ತಿದ್ರು. ಚೆನ್ನಾಗಿ ಕಾಣುತ್ತೆ ಅಂತಿದ್ರು. ಮಡಚಿ ಮೇಜಿನ ಮೇಲಿಟ್ಟು ಮಲಗಿದ್ರು.”

ಆಕೆ ಕುರ್ಚಿಯಲ್ಲಿ ಕೂರುತ್ತಾಳೆ. ಮುಖದ ಬಿಗಿ ಸಡಿಲವಾಗುತ್ತದೆ. ಆಮೇಲೆ ಅಳುತ್ತಾಳೆ. ನಾನಿನ್ನೂ ಅತ್ತಿಲ್ಲ, ನೋಡುತ್ತ ನಿಲ್ಲುತ್ತೇನೆ. “ಕೂತ್ಕೋ ತಾಯಿ” ಎಂದು ಆಕೆಯೇ ಸ್ಟೂಲು ಎಳೆದುಕೊಡುತ್ತಾಳೆ. ಟೈಲರ್ ಮಾಮ ತಮ್ಮ ಕನ್ನಡಕ ತೆಗೆದು, ಒರೆಸುವುದೇನೂ ಇಲ್ಲದಿದ್ದರೂ ಒರೆಸುತ್ತಾರೆ.

ಸ್ವಲ್ಪ ಹೊತ್ತಿನ ಮೇಲೆ ಫ್ರೇಮಕ್ಕ ಹೊಸ ಕನ್ನಡಕವನ್ನು ಡಬ್ಬಿಯಿಂದ ತೆಗೆಯುತ್ತಾಳೆ. ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು ದೀಪಕ್ಕೆ ಹಿಡಿಯುತ್ತಾಳೆ. ಆವಿಯಲ್ಲಿ ಎರಡು ಪುಟ್ಟ ವೃತ್ತಗಳು ಮೂಡುತ್ತವೆ. ಕಾರ್ಖಾನೆಯವರು ಗಾಜಿನಲ್ಲೇ ಕೊರೆದಿರುವ ಗುರುತು, ಸುಮ್ಮನೆ ನೋಡಿದರೆ ಕಾಣದು.

“ಇದನ್ನ ನೋಡಿ ಎತ್ತರ ತಾಳೆ ಹಾಕ್ತೀವಿ. ನಿನ್ನೆ ಸಂಜೆ ಮೂರು ಸಲ ನೋಡ್ದೆ. ಕೂದಲೆಳೆ ಅತ್ತಿತ್ತ ಇಲ್ಲ. ನಿನ್ನ ಕಡೆ ಬಗ್ಗಿದ್ರಲ್ಲ, ಸರಿಯಾಗಿ ಅಷ್ಟಕ್ಕೇ ಕೂರಿಸಿದೀನಿ.”

ವೃತ್ತಗಳು ಅಂಚಿನಿಂದ ಕರಗುತ್ತ ಹೋಗುತ್ತವೆ. ಆಕೆ ಮತ್ತೊಮ್ಮೆ ಉಸಿರು ಬಿಡುತ್ತಾಳೆ. ಮತ್ತೆ ಮೂಡುತ್ತವೆ. ಈ ಗಾಜಿನ ಮೂಲಕ ನಾನು ಹೇಗೆ ಕಾಣುತ್ತಿದ್ದೆನೋ, ಅದನ್ನು ಕೇಳಲು ಯಾರೂ ಇಲ್ಲ. ಕನ್ನಡಕವನ್ನು ಡಬ್ಬಿಗೆ ಹಾಕಿಸಿಕೊಂಡು ಕೈಚೀಲದಲ್ಲಿಡುತ್ತೇನೆ. ಕಂದು ಕನ್ನಡಕವನ್ನು ತೆಗೆದು ಆಕೆಗೆ ಕೊಡುತ್ತೇನೆ.

ಆಕೆ ಅದನ್ನು ಬೆಂಚಿನ ಮೇಲಿಡುತ್ತಾಳೆ. ಅದು ಕುಂಟುತ್ತದೆ. ಬಲಗಡೆಯ ಕಡ್ಡಿಯ ತುದಿ ಗಾಳಿಯಲ್ಲಿ. ಇಬ್ಬರೂ ನೋಡುತ್ತೇವೆ.

“ಇದು ನಿನ್ನ ಹತ್ರಾನೇ ಇರ್ಲಿ. ಮಾಮಂಗೆ ಬೇರೆ ಹುಡುಕ್ತೀನಿ.”

“ಹೂಂ, ನಂದೇನು ಅವಸರ” ಎನ್ನುತ್ತಾರೆ ಟೈಲರ್ ಮಾಮ. ಅಷ್ಟು ದಿನದಿಂದ ತಲೆ ತಿಂದವರು.

ಇರಲಿ ಎನ್ನಬೇಕೆನಿಸುತ್ತದೆ. ಆ ಕಿವಿಯ ಅಳತೆ ಇನ್ನೆಲ್ಲೂ ಇಲ್ಲ. ಆದರೆ ಗಂಡ ಯಾರದ್ದನ್ನೂ ಇಟ್ಟುಕೊಂಡವರಲ್ಲ. ಪಕ್ಕದ ಮನೆಯ ಏಣಿಯನ್ನು ಕೂಡ ಬಲ್ಬು ಹಾಕಿದ ತಕ್ಷಣ, ಕೈಯ ಧೂಳು ತೊಳೆಯದೆಯೇ ಕೊಟ್ಟುಬರುತ್ತಿದ್ದರು.

“ಬೇಡ ಅಕ್ಕ. ನೇರ ಮಾಡಿ. ಮಾಮಂಗೆ ಕೆಲಸ ಇದೆ.”

ಫ್ರೇಮಕ್ಕ ಕಡ್ಡಿಯನ್ನು ಬಿಸಿ ಮಣಿಗಳಲ್ಲಿ ಹೂಳುತ್ತಾಳೆ. ಅದು ಮೆತ್ತಗಾಗುವವರೆಗೆ ಕಾಯಬೇಕು. ನಿಮ್ಮ ಕೆಲಸದ ಬಗ್ಗೆ ಪೇಪರಿಗೆ ಬರೆಯುತ್ತೇನೆ, ಜನಕ್ಕೆ ಏನು ಹೇಳಲಿ ಎಂದು ಕೇಳುತ್ತೇನೆ. ಆಕೆ ಮಣಿಗಳನ್ನೇ ನೋಡುತ್ತಾಳೆ.

“ಹೇಳೋಕೆ ಏನಿದೆ? ಚೆನ್ನಾಗಿ ಕೂತ ಕನ್ನಡಕ ನೆನಪಿಗೇ ಬರಲ್ಲ. ಮೂಗಿನ ಮೇಲಿದ್ರೂ ಮನೆಯೆಲ್ಲ ಹುಡುಕ್ತಿರ್ತಾರೆ. ಹಾಗೆ ಮರೆತುಬಿಡ್ಬೇಕು ಜನ, ಅಷ್ಟೇ ನನ್ನ ಆಸೆ. ಸರ್ ಒಂದು ದಿನವಾದ್ರೂ ಹಾಗೆ ಹುಡುಕಿದ್ರೆ ಸಾಕಿತ್ತು.”

ಕಡ್ಡಿಯನ್ನು ಎಳೆದು, ಹೆಬ್ಬೆರಳಿನಿಂದ ಒತ್ತಿ, ಆರುವವರೆಗೆ ಹಿಡಿದುಕೊಳ್ಳುತ್ತಾಳೆ. ನನ್ನ ಕೈಗೆ ಕೊಡುತ್ತಾಳೆ. ಇನ್ನೂ ಬೆಚ್ಚಗಿದೆ. ನಾನೇ ಅದನ್ನು ಬೆಂಚಿನ ಮೇಲಿಟ್ಟು ಬೆರಳು ತಾಗಿಸುತ್ತೇನೆ. ಎರಡೂ ತುದಿ ಮರವನ್ನು ಮುಟ್ಟಿವೆ. ಅಲುಗುವುದಿಲ್ಲ.

“ತಗೊಳ್ಳಿ ಮಾಮ” ಎನ್ನುತ್ತೇನೆ.