ಕನ್ನಡಿಯಾದ ಕಾಂಕ್ರೀಟ್

ಕಾಂಕ್ರೀಟಿನ ಮೇಲೆ ಮರಳು ಎಷ್ಟು ಬಲಕ್ಕೆ ಜಾರುತ್ತದೆಂದು ಅಳೆಯುವುದೇ ಇಪ್ಪತ್ತು ವರ್ಷಗಳಿಂದ ಅವರ ಕೆಲಸ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವರು ಮರಳಪ್ಪ. ದೊಡ್ಡ ಸಾಹೇಬರು ಬರುತ್ತಾರೆಂದು ಒಮ್ಮೆ ಪರೀಕ್ಷೆಯ ಒರಟು ಕಾಂಕ್ರೀಟ್ ಬಿಲ್ಲೆಯನ್ನು ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿಟ್ಟರು. ಸಾಹೇಬರ ಎದುರೇ ಮರಳು ಎಂದಿನ ಅರ್ಧ ಬಲಕ್ಕೇ ಜಾರಿಬಿಟ್ಟಿತು.

ತಡೆಗೋಡೆಯ ಹೊಣೆ ಹೊತ್ತಿದ್ದ ಎಂಜಿನಿಯರಮ್ಮ ಬೆವತುಹೋದರು. “ಅಯ್ಯೋ, ಈ ಲೆಕ್ಕದಲ್ಲಿ ನಾವು ಮರಳಿನ ಮೇಲೆ ಕಟ್ಟೋ ತಡೆಗೋಡೆ ನಿಲ್ಲೋದೇ ಇಲ್ಲ!”

“ಗೋಡೆಗೇನೂ ಆಗಲ್ಲ ಮೇಡಂ. ಬಿಲ್ಲೆ ನುಣ್ಣಗಾಗಿದೆ, ಮರಳಿಗೆ ಹಿಡಿತ ಸಿಕ್ಕಿಲ್ಲ. ನಾನೇ ಉಜ್ಜಿದ್ದು,” ಎಂದು ಮರಳಪ್ಪ ತಲೆ ತಗ್ಗಿಸಿದರು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಒರಟು ಬಿಲ್ಲೆ ಇಟ್ಟಾಗ ಲೆಕ್ಕ ಸರಿಹೋಯಿತು.

ಸಂಜೆ ಮನೆಯಲ್ಲಿ ವಿಷಯ ಕೇಳಿದ ಮರಳಪ್ಪನವರ ಹೆಂಡತಿ ಮಾತ್ರ ನಗಲಿಲ್ಲ. “ನಿಮಗೆ ಉಜ್ಜೋಕೆ ಬರುತ್ತೆ ಅಂತ ಇಷ್ಟು ವರ್ಷ ಹೇಳಲೇ ಇಲ್ವಲ್ರೀ?” ಎಂದು ಪಾತ್ರೆಗಳ ರಾಶಿಯತ್ತ ಕೈ ತೋರಿಸಿದಳು.